ಹೊಸ ಲೈಕಾ ಬೇಕೆ? ಒಬ್ಬ ಕಾಫಿ ಬೆಳೆಗಾರರ ಪ್ರಕರಣ

ಈ ಪ್ರಕರಣದ ವ್ಯಕ್ತಿ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಕಾಫಿ ಬೆಳೆಗಾರರು. ವಯಸ್ಸು ಅರವತ್ತು ದಾಟಿದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ತಾಲ್ಲೂಕು, ತೋಟದ ಗುರುತು ಸಿಗುವ ವಿವರ ಯಾವುದನ್ನೂ ಇಟ್ಟಿಲ್ಲ. ನಾನು ಹಾಸನದಲ್ಲಿ ಫೋಟೊಗ್ರಫಿ ಹೇಳಿಕೊಡುವವನು. ಹೊಸ ಕ್ಯಾಮೆರಾ ತೆಗೆದುಕೊಳ್ಳಬೇಕೋ ಬೇಡವೋ ಎಂದು ಕೇಳಿಕೊಂಡು ಬರುವವರು ಬಹಳ ಜನ. ಹೆಚ್ಚಿನವರಿಗೆ ಫೋನಿನಲ್ಲೇ ಉತ್ತರ ಹೇಳಬಹುದು. ಲೈಕಾ ಕಂಪನಿಯ ಹೊಸ ಕ್ಯಾಮೆರಾ ಕೊಳ್ಳಬೇಕೆಂದಿದ್ದ ಇವರಿಗೆ ಸರಿಯಾದ ಉತ್ತರ ಸಿಗಲು ಒಂದು ಕೊಯ್ಲು ಮುಗಿದು ಇನ್ನೊಂದು ಕೊಯ್ಲು ಶುರುವಾಗಬೇಕಾಯಿತು. ಅಷ್ಟು ಕಾದದ್ದರಿಂದ ಉಳಿದದ್ದು ದುಡ್ಡು ಮಾತ್ರವಲ್ಲ. ಅದಕ್ಕೇ ವಿವರವಾಗಿ ಬರೆಯಬೇಕೆನ್ನಿಸಿತು.

ಹಿನ್ನೆಲೆ

ಬೆಳೆಗಾರರು ತೆಗೆಯುವುದು ತಮ್ಮ ತೋಟದ ಬದುಕನ್ನು. ಹಣ್ಣು ಬಿಡಿಸುವ ಹೆಂಗಸರು, ಚೀಲ ಹೊತ್ತು ಇಳಿಜಾರು ಇಳಿಯುವ ಗಂಡಸರು, ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಮಕ್ಕಳು, ಕಣದಲ್ಲಿ ಕಾಫಿ ಕೈಯಾಡಿಸುವವರು, ಸಂಜೆ ತೂಕದ ಹೊತ್ತಿನಲ್ಲಿ ಲೆಕ್ಕದ ಪುಸ್ತಕ ಹಿಡಿದು ನಿಂತ ರೈಟರ್ (ತೋಟದ ಗುಮಾಸ್ತ). ಪ್ರತಿ ಕೊಯ್ಲು ಮುಗಿದ ಮೇಲೆ ಒಂದು ಆಲ್ಬಂ ಮಾಡುತ್ತಾರೆ. ಫೋಟೊದಲ್ಲಿರುವವರಿಗೆಲ್ಲ ಪ್ರಿಂಟ್ ಹಾಕಿಸಿ ಕೊಡುತ್ತಾರೆ. ಲೈನ್ ಮನೆಗಳ ಗೋಡೆಗಳಲ್ಲಿ ದೇವರ ಪಟದ ಪಕ್ಕ ಅವರು ತೆಗೆದ ಚಿತ್ರಗಳನ್ನು ನಾನೇ ನೋಡಿದ್ದೇನೆ. ಅವರ ಅತಿ ದೊಡ್ಡ ಪ್ರಿಂಟ್ 12 ಇಂಚು ಅಗಲ, 18 ಇಂಚು ಉದ್ದದ್ದು. ಈ ಅಳತೆ ಮುಂದೆ ಮುಖ್ಯವಾಗುತ್ತದೆ.

ಅವರ ಬಳಿ ಇದ್ದದ್ದು ಲೈಕಾ ಎಂ9 ಎಂಬ ರೇಂಜ್‌ಫೈಂಡರ್ ಕ್ಯಾಮೆರಾ, ಜೊತೆಗೆ ಎಫ್ 2 ತೆರೆಯುವ ಎರಡು ಲೆನ್ಸ್: ಒಂದು 35 ಎಂಎಂ, ಇನ್ನೊಂದು 50 ಎಂಎಂ (ಎಫ್ ಅಂಕಿ ಚಿಕ್ಕದಾದಷ್ಟು ಲೆನ್ಸ್ ಅಗಲವಾಗಿ ತೆರೆದು ಹೆಚ್ಚು ಬೆಳಕು ಬಿಡುತ್ತದೆ). ಈ ಬಗೆಯ ಕ್ಯಾಮೆರಾ ಬಳಸದವರಿಗಾಗಿ ಎರಡು ಮಾತು. ರೇಂಜ್‌ಫೈಂಡರ್‌ನಲ್ಲಿ ನಾವು ಲೆನ್ಸ್ ಮೂಲಕ ನೋಡುವುದಿಲ್ಲ; ಎಡ ಮೂಲೆಯಲ್ಲಿರುವ ಬೇರೆ ಕಿಂಡಿಯಿಂದ ನೋಡುತ್ತೇವೆ. ಕಿಂಡಿಯ ನಡುವಿನ ಸಣ್ಣ ಚೌಕದಲ್ಲಿ ಒಂದೇ ವಸ್ತುವಿನ ಎರಡು ಬಿಂಬ ಕಾಣುತ್ತವೆ. ಲೆನ್ಸ್ ತಿರುಗಿಸುತ್ತಾ ಹೋದಂತೆ ಅವು ಹತ್ತಿರ ಬಂದು ಕೂಡಿಕೊಂಡರೆ ಫೋಕಸ್ ಆಯಿತು. ಆಟೋಫೋಕಸ್ ಇಲ್ಲ. ಕೂಡಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಪೂರ್ತಿಯಾಗಿ ತೆಗೆಯುವವರ ಕಣ್ಣು. ಬಲಗಣ್ಣು ಕಿಂಡಿಯಲ್ಲಿದ್ದರೆ ಎಡಗಣ್ಣು ತೆರೆದೇ ಇರಬಹುದು. ಕಿಂಡಿಯೊಳಗೂ ಚೌಕಟ್ಟಿನ ಗೆರೆಯ ಆಚೆ ಏನು ನಡೆಯುತ್ತಿದೆ ಎಂದು ಕಾಣುತ್ತದೆ. ಬೆಳೆಗಾರರು ಈ ಕ್ಯಾಮೆರಾ ಬಿಟ್ಟು ಬೇರೆ ಹಿಡಿಯದಿರಲು ಇದೇ ಕಾರಣ: ಯಾರು ಯಾವಾಗ ಚೌಕಟ್ಟಿನೊಳಗೆ ಕಾಲಿಡುತ್ತಾರೆಂದು ಮೊದಲೇ ಗೊತ್ತಾಗುತ್ತದೆ.

ಡಿಜಿಟಲ್ ರೇಂಜ್‌ಫೈಂಡರ್ ಎಂದರೆ ಆಯ್ಕೆಯ ಕಣ ಬಹಳ ಚಿಕ್ಕದು. 2004ರಲ್ಲಿ ಎಪ್ಸನ್‌ನ ಆರ್‌-ಡಿ1 ಬಂತು, 2006ರಲ್ಲಿ ಲೈಕಾ ಎಂ8. 2009ರ ಎಂ9, ಸೆನ್ಸರ್ 35 ಎಂಎಂ ಫಿಲ್ಮಿನಷ್ಟೇ ದೊಡ್ಡದಿರುವ, ಅಂದರೆ ಪೂರ್ಣ ಫ್ರೇಮ್‌ನ ಮೊದಲ ಡಿಜಿಟಲ್ ರೇಂಜ್‌ಫೈಂಡರ್: 18 ಮೆಗಾಪಿಕ್ಸೆಲ್, ಕೊಡಾಕ್ ಮಾಡಿದ ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರ್, ಐಎಸ್‌ಒ 2500ಕ್ಕೆ ಕೊನೆ (ಐಎಸ್‌ಒ ಹೆಚ್ಚಿದಷ್ಟು ಕಡಿಮೆ ಬೆಳಕಿನಲ್ಲಿ ತೆಗೆಯಬಹುದು). ಆಮೇಲೆ ಹೊಸ ಬಗೆಯ ಸಿಮಾಸ್ ಸೆನ್ಸರ್‌ನ ಟೈಪ್ 240, 2017ರಲ್ಲಿ ಎಂ10, 2022ರಲ್ಲಿ 60 ಮೆಗಾಪಿಕ್ಸೆಲ್‌ನ ಎಂ11. ಫ್ರಾನ್ಸ್‌ನ ಪಿಕ್ಸಿ ಬಿಟ್ಟರೆ ಈ ಸಾಲಿನಲ್ಲಿ ಈಗ ಬೇರೆ ತಯಾರಕರಿಲ್ಲ. ಎಂ9 ಸೆನ್ಸರ್‌ನ ಮೇಲ್ಗಾಜು ತೇವಕ್ಕೆ ಸವೆಯುವ ದೋಷ ಎಲ್ಲರಿಗೂ ಗೊತ್ತಿರುವಂಥದ್ದು. ಇವರದ್ದಕ್ಕೆ ಬೇರೆ ಬಗೆಯ ಗಾಜಿರುವ ಬದಲಿ ಸೆನ್ಸರ್ ಮೊದಲೇ ಹಾಕಿಸಿ ಆಗಿತ್ತು, ಅದು ಚೆನ್ನಾಗಿಯೇ ಇತ್ತು. ಹಾಗಾಗಿ ಹೊಸದು ಕೊಳ್ಳಲೇಬೇಕೆಂಬ ಒತ್ತಡ ಇರಲಿಲ್ಲ.

ಸಮಸ್ಯೆ

2025ರ ಆರಂಭದಲ್ಲಿ ಅರೇಬಿಕಾ ಬೆಲೆ ಹಿಂದೆಂದೂ ಕಾಣದಷ್ಟು ಮೇಲೆ ಹೋಗಿತ್ತು. ಕೊಯ್ಲು ಮುಗಿಸಿ ಲೆಕ್ಕ ಚುಕ್ತಾ ಮಾಡಿದ ಬೆಳೆಗಾರರು ಎಂ11 ಕೊಳ್ಳುವ ಮನಸ್ಸು ಮಾಡಿದ್ದರು. ಬಿಡುಗಡೆಯಾದಾಗ ಅಮೆರಿಕದಲ್ಲೇ ಅದರ ಬೆಲೆ 8,995 ಡಾಲರ್. ಇಲ್ಲಿಗೆ ಬರುವಷ್ಟರಲ್ಲಿ ತೆರಿಗೆ ಸೇರಿ ಇನ್ನೂ ಏರುತ್ತದೆ. ಆದರೂ ಆ ವರ್ಷ ಹಣ ಅಡ್ಡಿಯಾಗಿರಲಿಲ್ಲ. ನನ್ನಿಂದ ಅವರಿಗೆ ಬೇಕಿದ್ದದ್ದು ಒಂದು "ಹೂಂ".

ಅವರು ಹೇಳಿದ ಕಾರಣ ಎರಡು. "ಎರಡು ಮೂರು ವರ್ಷದಿಂದ ಫೋಟೊ ಶಾರ್ಪ್ ಬರ್ತಿಲ್ಲ ಸಾರ್. ಕ್ಯಾಮೆರಾಗೆ ವಯಸ್ಸಾಯ್ತು" ಎಂಬುದು ಮೊದಲನೆಯದು. ಸಂಜೆ ತೂಕದ ಹೊತ್ತಿನ ಚಿತ್ರಗಳು ಕೆಡುತ್ತಿವೆ ಎಂಬುದು ಎರಡನೆಯದು. ರೇಂಜ್‌ಫೈಂಡರ್ ಹೊಂದಾಣಿಕೆ ತಪ್ಪಿರಬಹುದೆಂದು ನನ್ನ ಬಳಿ ಬರುವ ಮೊದಲೇ ಅವರು ಕ್ಯಾಮೆರಾವನ್ನು ಬೆಂಗಳೂರಿಗೆ ಕಳಿಸಿದ್ದರು. ದೂರದ ವಸ್ತುವಿನಲ್ಲಿ ಬಿಂಬಗಳು ಕೂದಲೆಳೆಯಷ್ಟು ಸರಿದಿದ್ದವು; ಸರಿಪಡಿಸಿ ಕಳಿಸಿದ್ದರು. ಚಿತ್ರಗಳು ಮಾತ್ರ ಸುಧಾರಿಸಲಿಲ್ಲ. "ರಿಪೇರಿ ಮಾಡಿದರೂ ಸರಿಹೋಗಲಿಲ್ಲ ಅಂದಮೇಲೆ ಮುಗೀತಲ್ಲ" ಎಂಬ ತೀರ್ಮಾನಕ್ಕೆ ಅವರು ಬಂದದ್ದು ಅಲ್ಲಿಂದಲೇ.

ಕೆಟ್ಟ ಚಿತ್ರಗಳ ರಾಶಿ

ಎಂ11 ಒಳ್ಳೆಯ ಕ್ಯಾಮೆರಾವೇ ಎಂದು ಕೇಳಿದರೆ ಉತ್ತರ ಸುಲಭ, ಹೌದು. ಅವರಿಗೆ ಏನು ಕೈತಪ್ಪುತ್ತಿದೆ, ಅದನ್ನು ಎಂ11 ತಂದುಕೊಡುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಆಲ್ಬಂನಲ್ಲಿ ಇರುವುದಿಲ್ಲ, ಆಲ್ಬಂಗೆ ಸೇರದ ಚಿತ್ರಗಳಲ್ಲಿ ಇರುತ್ತದೆ. ಬೆಳೆಗಾರರು ಏನನ್ನೂ ಅಳಿಸುವವರಲ್ಲ. ಹಾರ್ಡ್ ಡಿಸ್ಕ್ ತೆಗೆದು ಅವರ ಮನೆಯ ಜಗಲಿಯಲ್ಲಿ ಇಬ್ಬರೂ ಕೂತೆವು. ಕಳೆದ ಕೆಲವು ಕೊಯ್ಲುಗಳಲ್ಲಿ ಅವರು ಬೇಡವೆಂದು ಬಿಟ್ಟ ಚಿತ್ರಗಳನ್ನು ಒಂದೊಂದಾಗಿ ನೋಡಿ, ಕೆಟ್ಟದ್ದು ಯಾಕೆ ಎಂದು ಮಾತ್ರ ಬರೆದುಕೊಂಡೆವು.

ಒಂದು ಗುಂಪು ನಿರೀಕ್ಷಿಸಿದ್ದೇ: ಸಂಜೆಯ ಚಿತ್ರಗಳು. ಕೈ ಅಲುಗಿದ್ದು, ಜನ ಅಲುಗಿದ್ದು, ನೆರಳಿನಲ್ಲಿ ಬಣ್ಣದ ಚುಕ್ಕೆಗಳು ಎದ್ದದ್ದು. ಆದರೆ ಅದಕ್ಕಿಂತ ದೊಡ್ಡ ಗುಂಪು ಇನ್ನೊಂದಿತ್ತು. ಹಗಲಿನ ಒಳ್ಳೆಯ ಬೆಳಕಿನಲ್ಲಿ ತೆಗೆದ, ಬೇರೆ ಯಾವ ಕೊರತೆಯೂ ಇಲ್ಲದ, ಫೋಕಸ್ ಮಾತ್ರ ತಪ್ಪಿದ ಚಿತ್ರಗಳು. ಅವುಗಳಲ್ಲಿ ಹೆಚ್ಚಿನವು 50 ಎಂಎಂನವು. ಇದು ಸಹಜ: ಎಫ್ 2ರಲ್ಲಿ, 2 ಮೀಟರ್ ದೂರದಲ್ಲಿ, ಸಾಮಾನ್ಯ ಲೆಕ್ಕದಂತೆ 35 ಎಂಎಂ ಲೆನ್ಸ್ ಕೊಡುವ ಡೆಪ್ತ್ ಆಫ್ ಫೀಲ್ಡ್ (ಶಾರ್ಪ್ ಕಾಣುವ ವ್ಯಾಪ್ತಿಯ ಆಳ) ಸುಮಾರು 39 ಸೆಂಟಿಮೀಟರ್, 50 ಎಂಎಂ ಕೊಡುವುದು ಸುಮಾರು 19. ಸಣ್ಣ ತಪ್ಪನ್ನು 35 ಮುಚ್ಚಿಕೊಳ್ಳುತ್ತದೆ, 50 ಬಯಲು ಮಾಡುತ್ತದೆ.

ನನ್ನ ಗಮನ ಹಿಡಿದದ್ದು ಫೋಕಸ್ ಯಾವ ಕಡೆಗೆ ತಪ್ಪಿದೆ ಎಂಬುದು. ಒಂದರಲ್ಲಿ ಮುಖದ ಮುಂದಿದ್ದ ಕಾಫಿ ಎಲೆ ಶಾರ್ಪ್, ಇನ್ನೊಂದರಲ್ಲಿ ಹಿಂದಿನ ಸಿಲ್ವರ್ ಓಕ್ ಕಾಂಡ. ಕ್ಯಾಮೆರಾದ ಹೊಂದಾಣಿಕೆ ತಪ್ಪಿದ್ದರೆ ಒಂದು ಲೆನ್ಸ್‌ನಲ್ಲಿ, ಒಂದು ದೂರದಲ್ಲಿ ತಪ್ಪು ಒಂದೇ ಕಡೆಗೆ ಬೀಳಬೇಕು: ಯಾವಾಗಲೂ ಮುಂದೆ, ಇಲ್ಲವೇ ಯಾವಾಗಲೂ ಹಿಂದೆ. ಇಲ್ಲಿ ಎರಡೂ ಕಡೆ ಚದುರಿತ್ತು. ಯಂತ್ರ ಹಾಗೆ ಚದುರಿಸುವುದಿಲ್ಲ. ಬಿಂಬ ಕೂಡಿದ್ದು ಸರಿಯಾಗಿ ಕಾಣದವರ ಕೈಯಲ್ಲಿ ಹಾಗಾಗುತ್ತದೆ.

ಬಾಯಲ್ಲಿ ಹೇಳುವ ಬದಲು ಕಣದಲ್ಲಿ ಪರೀಕ್ಷೆ ಮಾಡಿದೆವು. ಖಾಲಿ ಗೋಣಿಚೀಲಗಳನ್ನು ಸುತ್ತಿ ಓರೆ ಸಾಲಿನಲ್ಲಿ ಇಟ್ಟು, ನಡುವಿನದಕ್ಕೆ ಒಂದು ಚೀಟಿ ಅಂಟಿಸಿ, ಅದರ ಮೇಲೆ ಫೋಕಸ್ ಮಾಡುವುದು. ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಜಾಗ. ನಾನು ತೆಗೆದದ್ದರಲ್ಲಿ ಚೀಟಿ ಮತ್ತೆ ಮತ್ತೆ ಶಾರ್ಪ್ ಬಂತು. ಅವರು ತೆಗೆದದ್ದರಲ್ಲಿ ಒಮ್ಮೆ ಮುಂದಿನ ಚೀಲ, ಒಮ್ಮೆ ಹಿಂದಿನದು.

"ಹಾಗಾದ್ರೆ ಕ್ಯಾಮೆರಾದ್ದಲ್ಲ" ಎಂದರು ಅವರೇ.

ಕಾಫಿ ತಂದುಕೊಟ್ಟ ಅವರ ಹೆಂಡತಿ ಆಗ ಹೇಳಿದ ಮಾತು ಈ ಪ್ರಕರಣದ ತಿರುವು. "ರಾತ್ರಿ ಗಾಡಿ ಓಡಿಸೋವಾಗ ಎದುರಿನ ಲೈಟು ಹರಡಿದ ಹಾಗೆ ಕಾಣುತ್ತೆ ಅಂತ ಇವರು ವರ್ಷದಿಂದ ಹೇಳ್ತಿದ್ದಾರೆ. ಡಾಕ್ಟರ ಹತ್ರ ಹೋಗಿ ಅಂದ್ರೆ ಕೊಯ್ಲು ಮುಗೀಲಿ ಅಂತಾರೆ. ರೀ, ಮೊದ್ಲು ಕಣ್ಣು ತೋರಿಸ್ಕೊಳ್ಳಿ." ತೋರಿಸಿದರು. ಬಲಗಣ್ಣಿನಲ್ಲಿ ಪೊರೆ. ಆಪರೇಷನ್ ಆಗಬೇಕು, ಆದರೆ ಗಾಬರಿಯೇನಿಲ್ಲ ಎಂದರು ವೈದ್ಯರು.

ಮಾಡಿ ನೋಡಿದ್ದು

ಆಪರೇಷನ್ನನ್ನು ಮಳೆಗಾಲಕ್ಕೆ ಇಟ್ಟುಕೊಂಡರು, ಆಗ ತೋಟದಲ್ಲಿ ಓಡಾಟ ಕಡಿಮೆ. ಅಲ್ಲಿಯವರೆಗೆ ಸುಮ್ಮನಿರುವ ಜಾಯಮಾನ ಅವರದ್ದಲ್ಲ. ಎಡಗಣ್ಣಿನಿಂದ ತೆಗೆದು ನೋಡಿದರು. ಕಿಂಡಿ ಎಡ ಮೂಲೆಯಲ್ಲಿರುವುದರಿಂದ ಎಡಗಣ್ಣಿಟ್ಟರೆ ಮೂಗು ಕ್ಯಾಮೆರಾದ ಬೆನ್ನಿಗೆ ಒತ್ತುತ್ತದೆ, ಇನ್ನೊಂದು ಕಣ್ಣಿಗೆ ಕ್ಯಾಮೆರಾವೇ ಅಡ್ಡ. ಫೋಕಸ್ ಸುಧಾರಿಸಿತು, ಆದರೆ ಆಚೆಯಿಂದ ಬರುವವರು ಕಾಣದಾದರು. ಕೆಲವು ವಾರಗಳಲ್ಲಿ ಬಿಟ್ಟರು.

ಎಂ11ನ ಆಸೆಯೂ ಅಲ್ಲೇ ಇತ್ತು, ಮತ್ತು ಈಗ ಅದಕ್ಕೆ ಹೊಸ ವಾದ ಸಿಕ್ಕಿತ್ತು: ವಿಸೊಫ್ಲೆಕ್ಸ್ ಎಂಬ ಎಲೆಕ್ಟ್ರಾನಿಕ್ ವ್ಯೂಫೈಂಡರ್ (ಒಳಗೆ ಪುಟ್ಟ ಪರದೆಯಿರುವ ಕಿಂಡಿ) ಅದರ ತಲೆಯ ಮೇಲೆ ಕೂರುತ್ತದೆ, ಚಿತ್ರವನ್ನು ದೊಡ್ಡದು ಮಾಡಿ ಫೋಕಸ್ ಮಾಡಬಹುದು. ವಾದದಲ್ಲಿ ಹುರುಳಿತ್ತು. ಬೆಂಗಳೂರಿನ ಅವರ ನೆಂಟರೊಬ್ಬರ ಬಳಿ ಅದೇ ಜೋಡಿ ಇತ್ತು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಿದ್ದು ತೋಟವೆಲ್ಲ ಬಿಳಿಯಾದ ಹೊತ್ತಿಗೆ ಕೆಲವು ದಿನ ತರಿಸಿಕೊಂಡರು. ಇಂಥ ಬೆಲೆಯ ವಸ್ತುವನ್ನು ಕೊಳ್ಳುವ ಮೊದಲು ತಮ್ಮದೇ ಜಾಗದಲ್ಲಿ, ತಮ್ಮದೇ ಲೆನ್ಸ್ ಹಾಕಿ ಬಳಸಿ ನೋಡುವುದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ವಿಸೊಫ್ಲೆಕ್ಸ್‌ನಲ್ಲಿ ಫೋಕಸ್ ತಪ್ಪಲಿಲ್ಲ. ಹೂವಿನ ಗೊಂಚಲುಗಳು ಕಣ್ಣು ಕೋರೈಸುವಷ್ಟು ಚೆನ್ನಾಗಿ ಬಂದವು. ಆದರೆ ಗೊಬ್ಬರ ಹಾಕುತ್ತಿದ್ದ ಜನರನ್ನು ತೆಗೆಯುವಾಗ ದೊಡ್ಡದು ಮಾಡಿ, ಫೋಕಸ್ ಮಾಡಿ, ಮತ್ತೆ ಪೂರ್ತಿ ಚೌಕಟ್ಟಿಗೆ ಬರುವಷ್ಟರಲ್ಲಿ ಅವರು ಮುಂದಿನ ಗಿಡಕ್ಕೆ ಹೋಗಿರುತ್ತಿದ್ದರು. ಹದಿನೈದು ವರ್ಷಗಳಿಂದ ರೂಢಿಯಾದ ತೆಗೆಯುವ ಬಗೆಯನ್ನೇ ಬಿಡಬೇಕಾಗುತ್ತಿತ್ತು. ಅದನ್ನು ಬಿಟ್ಟರೆ ರೇಂಜ್‌ಫೈಂಡರ್ ಯಾಕೆ ಬೇಕು ಎಂದು ಅವರೇ ಕೇಳಿದರು.

ಪಿಕ್ಸೆಲ್ ಲೆಕ್ಕವನ್ನೂ ಬಿಡಿಸಿದೆವು. 18 ಇಂಚಿನ ಬದಿಗೆ ಇಂಚಿಗೆ 300 ಚುಕ್ಕೆಯಂತೆ 5,400 ಪಿಕ್ಸೆಲ್ ಬೇಕು. ಎಂ9 ಚಿತ್ರದ ಉದ್ದದ ಬದಿ 5,212 ಪಿಕ್ಸೆಲ್; ಇಂಚಿಗೆ 290ರ ಹತ್ತಿರ ಬೀಳುತ್ತದೆ. ಕೈಯಲ್ಲಿ ಹಿಡಿದು ನೋಡುವವರಿಗೆ ಈ ಕೊರತೆ ಕಾಣುವುದಿಲ್ಲ. ಎಂ11 ಕೊಡುವುದು 9,500ಕ್ಕೂ ಹೆಚ್ಚು. ಹಗಲಿನ ಒಂದೇ ದೃಶ್ಯವನ್ನು ಎರಡರಲ್ಲೂ ತೆಗೆದು, ಒಂದೇ ಲ್ಯಾಬ್‌ನಲ್ಲಿ ಪ್ರಿಂಟ್ ಹಾಕಿಸಿ, ಯಾವುದು ಯಾವುದೆಂದು ಹೇಳದೆ ಅವರ ಹೆಂಡತಿಗೂ ತೋಟದ ರೈಟರ್‌ಗೂ ತೋರಿಸಿದೆವು. ಇಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಎಂ11ನ ಪೂರ್ಣ ಗಾತ್ರದ ಒಂದೊಂದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) 70ರಿಂದ 120 ಎಂಬಿ. ಅವರ ಹಳೆಯ ಲ್ಯಾಪ್‌ಟಾಪ್ ತೆವಳಿತು. 36 ಅಥವಾ 18 ಮೆಗಾಪಿಕ್ಸೆಲ್‌ಗೆ ಇಳಿಸಿಕೊಳ್ಳುವ ಅನುಕೂಲ ಎಂ11ನಲ್ಲಿ ಇದೆ ನಿಜ, ಆದರೆ ಸದಾ 18ರಲ್ಲಿ ಇಡುವುದಾದರೆ 60ಕ್ಕೆ ಹಣ ಕೊಡುವುದು ಯಾಕೆ?

ಸಂಜೆಯ ಕಥೆ ಬೇರೆ. ಮರಗಳ ಕೆಳಗೆ, ಕತ್ತಲಾಗುವ ಹೊತ್ತಿಗೆ, ಎಫ್ 2ರಲ್ಲಿ ಐಎಸ್‌ಒ 1600 ಇಟ್ಟರೆ ಷಟರ್ ಸೆಕೆಂಡಿನ 30ನೇ ಒಂದು ಭಾಗಕ್ಕೆ ಇಳಿಯುತ್ತಿತ್ತು. ಚೀಲ ಎತ್ತಿ ತಕ್ಕಡಿಗೆ ಇಡುವವರ ಕೈ ಅಷ್ಟರಲ್ಲಿ ನಿಲ್ಲುವುದಿಲ್ಲ. ಐಎಸ್‌ಒ 6400 ಆದರೆ ಅದೇ ಬೆಳಕಿನಲ್ಲಿ 120ನೇ ಒಂದು ಭಾಗ ಸಿಗುತ್ತದೆ, ಕೈ ನಿಲ್ಲುತ್ತದೆ. ಎಂ9ಗೆ ಅಲ್ಲಿಗೆ ಹೋಗುವ ಹಾದಿಯೇ ಇಲ್ಲ. ಎಂ11 ಸಲೀಸಾಗಿ ಹೋಯಿತು. ಬೆಳೆಗಾರರ ಎರಡನೆಯ ದೂರು ಕ್ಯಾಮೆರಾದ್ದೇ ಎಂದು ಇದರಿಂದ ಖಚಿತವಾಯಿತು. ಆದರೂ ಕೊಳ್ಳುವುದನ್ನು ಮುಂದೂಡಿದರು. ಕಣ್ಣು ಸರಿಯಾಗದೆ ಆರಿಸಿದರೆ ಕೆಟ್ಟ ಕಣ್ಣಿಗೆ ಒಪ್ಪುವ ಕ್ಯಾಮೆರಾ ಕೊಂಡ ಹಾಗಾಗುತ್ತದೆ ಎಂದು ನಾನು ಹೇಳಿದ್ದೆ; ಅವರು ಒಪ್ಪಿದರು. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ನಿರ್ಧಾರ ಇದೇ ಎಂದು ಈಗಲೂ ನಂಬುತ್ತೇನೆ.

ಕಣ್ಣು, ಆಮೇಲೆ ಕಿಂಡಿ

ಆಪರೇಷನ್ ಚೆನ್ನಾಗಿ ಆಯಿತು. ಕಣ್ಣೊಳಗೆ ಇಟ್ಟದ್ದು ದೂರದ ನೋಟಕ್ಕೆ ಹೊಂದಿಸಿದ ಲೆನ್ಸ್. ಇಲ್ಲಿ ಒಂದು ಸೂಕ್ಷ್ಮ ಇದೆ. ಲೈಕಾ ಎಂ ಕ್ಯಾಮೆರಾಗಳ ಕಿಂಡಿಯನ್ನು ತಯಾರಿಸುವಾಗಲೇ, ಕನ್ನಡಕದ ಪವರ್ ಅಳೆಯುವ ಮಾನದಲ್ಲಿ ಮೈನಸ್ 0.5 ಡಯಾಪ್ಟರ್‌ಗೆ ಹೊಂದಿಸಿರುತ್ತಾರೆ. ಅಂದರೆ ಒಳಗಿನ ಬಿಂಬ ಸುಮಾರು 2 ಮೀಟರ್ ದೂರದಲ್ಲಿದ್ದಂತೆ ಕಣ್ಣಿಗೆ ಬರುತ್ತದೆ. ಎಳೆಯ ಕಣ್ಣು ತಾನೇ ಹೊಂದಿಕೊಳ್ಳುತ್ತದೆ. ದೂರಕ್ಕೆ ಹೊಂದಿಸಿದ ಕೃತಕ ಲೆನ್ಸ್ ಹೊಂದಿಕೊಳ್ಳುವುದಿಲ್ಲ. ಹಾಗಾಗಿ ಆಪರೇಷನ್ ಆದಮೇಲೆ ಬೆಟ್ಟದ ತುದಿಯ ಮರ ಸ್ಪಷ್ಟವಾಗಿ ಕಾಣುತ್ತಿದ್ದ ಕಣ್ಣಿಗೆ ಕಿಂಡಿಯ ಜೋಡಿ ಬಿಂಬ ಇನ್ನೂ ತುಸು ಮಸುಕಾಗಿತ್ತು. ಅವರಿಗೆ ನಿರಾಸೆಯಾಯಿತು. ಕನ್ನಡಕದಂಗಡಿಗೆ ಕ್ಯಾಮೆರಾ ಹಿಡಿದುಕೊಂಡು ಹೋಗಿ, ಪರೀಕ್ಷೆಗೆ ಬಳಸುವ ಬಿಡಿ ಗಾಜುಗಳನ್ನು ಕಿಂಡಿಯ ಮುಂದೆ ಒಂದೊಂದಾಗಿ ಹಿಡಿದು ನೋಡಿದೆವು. ಪ್ಲಸ್ 0.5 ಹಿಡಿದಾಗ ಬಿಂಬದ ಅಂಚು ಕತ್ತರಿಸಿದ ಹಾಗೆ ನಿಂತಿತು. ಕಿಂಡಿಗೆ ತಿರುಪಿ ಕೂರಿಸುವ ಅಂಥ ಗಾಜು ಮೈನಸ್ 3ರಿಂದ ಪ್ಲಸ್ 3ರವರೆಗೆ ಸಿಗುತ್ತದೆ. ಎಂ11ನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ.

ಕೊಯ್ಲು ಶುರುವಾದಾಗ ಹಗಲಿನ ಚಿತ್ರಗಳು ಅದೇ ಎಂ9ನಲ್ಲಿ ಹಿಂದಿನ ಹಾಗೆ ಬರತೊಡಗಿದವು. 50 ಎಂಎಂ ಲೆನ್ಸ್ ಮತ್ತೆ ಚೀಲದಿಂದ ಹೊರಗೆ ಬಂತು. "ಕ್ಯಾಮೆರಾಗೆ ವಯಸ್ಸಾಯ್ತು" ಎಂಬ ದೂರು ಹೋಯಿತು. ಉಳಿದದ್ದು ಸಂಜೆ.

ಕೊಂಡದ್ದು

ಈ ಹಂತದಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆಯಾಯಿತು. ನಾನು ಹೇಳಿದ್ದು, ಎಫ್ 1.4 ತೆರೆಯುವ ಒಂದು 35 ಎಂಎಂ ಲೆನ್ಸ್ ಸಾಕು, ವೋಯ್ಟ್‌ಲ್ಯಾಂಡರ್‌ನದ್ದು ಕಡಿಮೆ ಬೆಲೆಗೆ ಸಿಗುತ್ತದೆ, ಎಂ9 ಇರಲಿ ಎಂದು. ಅವರು ಲೆಕ್ಕ ಹಾಕಿ ನೋಡಿ ಒಪ್ಪಲಿಲ್ಲ. ಆ ಲೆನ್ಸ್ ಕೊಡುವುದು ಒಂದೇ ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು. ಪ್ರತಿಯಾಗಿ 2 ಮೀಟರ್‌ನಲ್ಲಿನ ಡೆಪ್ತ್ ಆಫ್ ಫೀಲ್ಡ್ 39 ಸೆಂಟಿಮೀಟರ್‌ನಿಂದ 27ಕ್ಕೆ ಇಳಿಯುತ್ತದೆ. ಕತ್ತಲಲ್ಲಿ ಜೋಡಿ ಬಿಂಬ ಕಾಣುವುದೇ ಕಷ್ಟವಿರುವಾಗ ತಪ್ಪಿಗೆ ಇರುವ ಜಾಗವನ್ನೂ ಕಳೆದುಕೊಳ್ಳಲು ಅವರು ತಯಾರಿರಲಿಲ್ಲ. ಅವರ ವಾದ ಗಟ್ಟಿಯಾಗಿತ್ತು.

ಹಾಗಾದರೆ ಯಾವುದು? ಎಂ10 ಮತ್ತು ಎಂ11ರ ಆಪ್ಟಿಕಲ್ ಕಿಂಡಿ ಒಂದೇ ಹಿಗ್ಗುವಿಕೆಯದು, 0.73, ಎಂ9ರದ್ದು 0.68. ಎಂ10 ಬಂದಾಗ ಕಿಂಡಿಯಿಂದ ಕಣ್ಣಿರಬಹುದಾದ ದೂರವನ್ನು ಶೇ. 50ರಷ್ಟು, ಕಾಣುವ ಹರವನ್ನು ಶೇ. 30ರಷ್ಟು ಹೆಚ್ಚಿಸಿದ್ದೇವೆ ಎಂದು ಹಿಂದಿನ ಟೈಪ್ 240ಕ್ಕೆ ಹೋಲಿಸಿ ಲೈಕಾ ಹೇಳಿತ್ತು. ಕನ್ನಡಕ ಹಾಕಿಕೊಂಡು ಎರಡನ್ನೂ ಕಣ್ಣಿಗಿಟ್ಟು ನೋಡಿದರೆ ಇದು ಎಷ್ಟು ದೊಡ್ಡ ಬದಲಾವಣೆ ಎಂದು ತಕ್ಷಣ ತಿಳಿಯುತ್ತದೆ. ಅಂದರೆ ಬೆಳೆಗಾರರಿಗೆ ಬೇಕಿದ್ದ ಎರಡೂ, ಒಳ್ಳೆಯ ಕಿಂಡಿ ಮತ್ತು ಕತ್ತಲಿಗೆ ಆಗಿಬರುವ ಸೆನ್ಸರ್, ಎಂ10ನಲ್ಲೇ ಇದ್ದವು. ಎಂ11 ಮೇಲಿಂದ ಕೊಡುತ್ತಿದ್ದದ್ದು ಪಿಕ್ಸೆಲ್, ಒಳಗೇ ಇರುವ 64 ಜಿಬಿ ಜಾಗ, ದೊಡ್ಡ ಬ್ಯಾಟರಿ. ಆ ಅಕ್ಟೋಬರ್‌ನಲ್ಲೇ ಲೈಕಾ ಎಂ ಇವಿ1 ಎಂಬುದನ್ನೂ ಬಿಡುಗಡೆ ಮಾಡಿತ್ತು. ರೇಂಜ್‌ಫೈಂಡರ್ ತೆಗೆದು ಎಲೆಕ್ಟ್ರಾನಿಕ್ ಕಿಂಡಿ ಇಟ್ಟದ್ದು. ಕಣ್ಣಿನ ತೊಂದರೆ ಸರಿಹೋಗದವರಿಗೆ ಅದು ಯೋಚಿಸತಕ್ಕ ದಾರಿ. ಇವರಿಗೆ ಬೇಕಿರಲಿಲ್ಲ.

ಡಿಸೆಂಬರ್‌ನಲ್ಲಿ ಅವರು ಕೊಂಡದ್ದು ಬಳಸಿದ ಒಂದು ಎಂ10, ಬೆಂಗಳೂರಿನ ಒಬ್ಬರಿಂದ. ಉಳಿದ ಕೊಯ್ಲಿನ ಸಂಜೆಗಳನ್ನೆಲ್ಲ ಅದರಲ್ಲೇ ತೆಗೆದರು. ತಕ್ಕಡಿಯ ಹತ್ತಿರದ ಒಂದೇ ಬಲ್ಬಿನ ಬೆಳಕಿನಲ್ಲಿ ಮುಖಗಳು ನಿಂತವು. ರೈಟರ್ ಕೂಗಿದ ತೂಕ ಕೇಳಿ ಒಬ್ಬಾಕೆ ಬೆರಳು ಮಡಚಿ ತನ್ನ ಲೆಕ್ಕ ತಾನು ಹಾಕಿಕೊಳ್ಳುವ ಚಿತ್ರವೊಂದಿದೆ. ಆ ಆಲ್ಬಂನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಎಂ9ನಲ್ಲಿ ಅದು ಬರುತ್ತಿರಲಿಲ್ಲ. ತೊಂದರೆಗಳೂ ಇವೆ. ಎಂ10 ತೆಳ್ಳಗಾದದ್ದಕ್ಕೆ ತೆತ್ತದ್ದು ಬ್ಯಾಟರಿ: 1,100 ಎಂಎಎಚ್ ಮಾತ್ರ, ಎಂ11ನದ್ದು 1,800. ಜೇಬಿನಲ್ಲಿ ಬಿಡಿ ಬ್ಯಾಟರಿ ಇಲ್ಲದೆ ತೋಟಕ್ಕೆ ಇಳಿಯುವ ಹಾಗಿಲ್ಲ. ಕಾರ್ಡು, ಬ್ಯಾಟರಿ ಎರಡೂ ತಳದ ತಗಡಿನ ಒಳಗೆ. ಇಬ್ಬನಿಯಲ್ಲಿ ನಿಂತು ಅದನ್ನು ಬಿಚ್ಚುವುದು ಅವರಿಗೆ ಈಗಲೂ ಕಿರಿಕಿರಿ. ಈ ವಿಷಯದಲ್ಲಿ ಎಂ11 ಖಂಡಿತ ಮೇಲು.

ಈ ಪ್ರಕರಣದ ನಂತರ

ಈಗ ನನ್ನ ಬಳಿ ಹೀಗೆ ಕೇಳಿಕೊಂಡು ಬರುವವರಿಗೆ ಕ್ಯಾಮೆರಾದ ಹೆಸರು ಹೇಳುವ ಮೊದಲು ಬಿಟ್ಟ ಚಿತ್ರಗಳನ್ನು ತರಲು ಹೇಳುತ್ತೇನೆ. ಫೋಕಸ್ ತಪ್ಪಿದ್ದರೆ ಒಂದೇ ಕಡೆಗೋ ಎರಡೂ ಕಡೆಗೋ ಎಂದು ನೋಡುತ್ತೇನೆ. ಅದೇ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟು ಅದೇ ಪರೀಕ್ಷೆ ಮಾಡಿಸುತ್ತೇನೆ. ಇದಕ್ಕೆ ಅರ್ಧ ಗಂಟೆಯೂ ಬೇಡ. ನಲವತ್ತೈದು ದಾಟಿದವರಾದರೆ ಕಣ್ಣಿನ ಪರೀಕ್ಷೆ ಯಾವಾಗ ಆಯಿತೆಂದು ಕೇಳಲು ಸಂಕೋಚಪಡುವುದಿಲ್ಲ. ರೇಂಜ್‌ಫೈಂಡರ್ ಬಳಸುವವರಲ್ಲಿ ಆ ವಯಸ್ಸಿನವರು ಬಹಳ ಜನ, ಮತ್ತು ಪೊರೆ ನಿಧಾನವಾಗಿ ಬರುವುದರಿಂದ ಬಂದವರಿಗೇ ತಿಳಿಯುವುದಿಲ್ಲ.

ಆದರೆ ಎಂ11 ಯಾರಿಗೂ ಬೇಡ ಎಂದು ಈ ಪ್ರಕರಣವನ್ನು ಓದಬಾರದು. ಹಾಸನದ ಕಡೆ ಹೊಯ್ಸಳ ಶಿಲ್ಪ ತೆಗೆಯುವ ಗೆಳೆಯರಿದ್ದಾರೆ. ಬೇಲೂರಿನಲ್ಲಿ ಮದನಿಕೆಯರು ಇರುವುದು ಸೂರಿನ ಕೆಳಗೆ, ತಲೆ ಎತ್ತಿ ನೋಡುವಷ್ಟು ಮೇಲೆ. ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಟ್ರೈಪಾಡ್ ಇಡುವಂತಿಲ್ಲ. ರೇಂಜ್‌ಫೈಂಡರ್‌ಗೆ ಉದ್ದನೆಯ ಲೆನ್ಸ್ ಒಗ್ಗುವುದಿಲ್ಲ. ಅಂಥಲ್ಲಿ 50 ಎಂಎಂನಲ್ಲಿ ತೆಗೆದು, ಬಳಪದ ಕಲ್ಲಿನ ಆ ಕೂದಲೆಳೆಯ ಕೆತ್ತನೆಯನ್ನು ಕತ್ತರಿಸಿ ದೊಡ್ಡದು ಮಾಡಬೇಕೆಂದರೆ 60 ಮೆಗಾಪಿಕ್ಸೆಲ್‌ನ ಪ್ರತಿಯೊಂದಕ್ಕೂ ಕೆಲಸವಿದೆ. ಅವರಲ್ಲೊಬ್ಬರಿಗೆ ನಾನೇ ಎಂ11 ತೆಗೆದುಕೊಳ್ಳಲು ಹೇಳಿದ್ದೇನೆ.

ಬೆಳೆಗಾರರ ಎಂ9 ಈಗ ಹಾಸನದ ಒಬ್ಬ ಹುಡುಗನ ಕೈಯಲ್ಲಿದೆ. ಅವನಿಗೆ ಕೊಡುವ ಮೊದಲು ಎಫ್ 16ರಲ್ಲಿ ಖಾಲಿ ಆಕಾಶವನ್ನು ತೆಗೆದು, ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ಮೂಲೆ ಮೂಲೆ ನೋಡಿದೆವು. ಗಾಜು ಸವೆದ ಸೆನ್ಸರ್ ಆಗಿದ್ದರೆ ಸುತ್ತ ಪ್ರಭೆಯಿರುವ ಸಣ್ಣ ಚುಕ್ಕೆಗಳು ಕಾಣುತ್ತವೆ, ಒರೆಸಿದರೂ ಹೋಗುವುದಿಲ್ಲ. ಎಂ9 ಅಗ್ಗಕ್ಕೆ ಸಿಗುತ್ತಿದೆ ಎಂದು ಹೊರಟವರು ಈ ಒಂದು ಚಿತ್ರ ತೆಗೆದು ನೋಡದೆ ಹಣ ಕೊಡಬೇಡಿ; ಬದಲಿ ಸೆನ್ಸರ್ ಈಗ ಕಂಪನಿಯಿಂದ ಸಿಗುವುದಿಲ್ಲ.